ವಿದ್ವಾಂಸ, ಪದವಿ ಮತ್ತು ಅಧಿಕಾರ: ಆಧುನಿಕ ಈಜಿಪ್ಟಿನ ಇಸ್ಲಾಮೀ ಸುಧಾರಣಾ ವಿಚಾರದ ಒಂದು ಪರಿಶೀಲನೆ

೧

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಮುಸ್ಲಿಂ ಜಗತ್ತಿನಲ್ಲಿ ತಲೆದೋರಿದ ಧಾರ್ಮಿಕ ಸುಧಾರಣೆಯ ವಿಚಾರವನ್ನು ವಿವರಿಸುವಾಗ ಚರಿತ್ರಕಾರರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಅದನ್ನು ಯೂರೋಪಿನ ಸಂಪರ್ಕದ ಫಲವೆಂದು ಬಗೆಯುತ್ತಾರೆ. ಮತ್ತೆ ಕೆಲವರು ಅದು ಇಸ್ಲಾಮಿನ ಸ್ವಂತ ಪರಂಪರೆಯೊಳಗಿಂದಲೇ ಹೊಮ್ಮಿದುದೆಂದು ವಾದಿಸುತ್ತಾರೆ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಆದರೆ ಇವೆರಡೂ ವಿಚಾರಗಳ ಮೂಲವನ್ನು ಹುಡುಕುತ್ತವೆಯೇ ಹೊರತು, ಆ ವಿಚಾರಗಳನ್ನು ಹೇಳಿದವರಿಗೆ ಏನಾಯಿತು, ಏಕೆ ಹಾಗಾಯಿತು ಎಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಹೆಚ್ಚು ಕಡಿಮೆ ಒಂದೇ ಬಗೆಯ ಮಾತನ್ನಾಡಿದ ಇಬ್ಬರಲ್ಲಿ ಒಬ್ಬರು ದೇಶದ ಮುಫ್ತಿಯಾಗಿ ಕೊನೆಯವರೆಗೆ ಪೀಠದಲ್ಲಿದ್ದರು. ಇನ್ನೊಬ್ಬರು ಪದವಿಯನ್ನೂ ನ್ಯಾಯಾಧೀಶನ ಹುದ್ದೆಯನ್ನೂ ಕಳೆದುಕೊಂಡರು. ಮೂರನೆಯವರೊಬ್ಬರು ಅದಕ್ಕಿಂತಲೂ ತೀಕ್ಷ್ಣವಾದ ಮಾತನ್ನಾಡಿ, ವಿಚಾರಣೆಗೆ ಗುರಿಯಾಗಿ, ಮುಂದೆ ಶಿಕ್ಷಣ ಮಂತ್ರಿಗಳೇ ಆದರು. ಇದನ್ನು ಕೇವಲ ವಿಚಾರಗಳ ಹಿರಿಮೆ ಕಿರಿಮೆಗಳಿಂದ ವಿವರಿಸಲು ಬರುವುದಿಲ್ಲ.

ಸುಧಾರಣಾ ವಿಚಾರದ ಗತಿಯನ್ನು ತಿಳಿಯಬೇಕಾದರೆ ಆಯಾ ವಿದ್ವಾಂಸನು ಯಾವ ಸಂಸ್ಥೆಯ ಪದವಿಯನ್ನು ಪಡೆದಿದ್ದನು, ಯಾರ ಸಂಬಳವನ್ನು ಪಡೆಯುತ್ತಿದ್ದನು, ಅವನ ವಿರೋಧಿಗಳ ಕೈಗೆ ಯಾವ ಕಾನೂನು ಸಿಕ್ಕಿತು ಎಂಬುದನ್ನು ನೋಡಬೇಕೆಂಬುದೇ ಈ ಲೇಖನದ ಪ್ರತಿಪಾದ್ಯ. ನಿದರ್ಶನಕ್ಕಾಗಿ ನಾವು ಈಜಿಪ್ಟನ್ನು ಆರಿಸಿಕೊಂಡಿದ್ದೇವೆ. ಮುಹಮ್ಮದ್ ಅಬ್ದುಹ್ ಅವರಿಂದ ನಸ್ರ್ ಹಾಮಿದ್ ಅಬೂ ಜೈದ್ ಅವರವರೆಗೆ ಒಂದು ಶತಮಾನಕ್ಕೂ ಮಿಕ್ಕಿದ ಕಾಲಾವಧಿಯಲ್ಲಿ ಒಂದೇ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಎದುರಾಗಿರುವುದರಿಂದ ಹೋಲಿಕೆಗೆ ಅನುಕೂಲವುಂಟು.

ಮೊದಲು ಎರಡು ಪಾರಿಭಾಷಿಕ ಪದಗಳನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕು. ಪೂರ್ವಾಚಾರ್ಯರ ಮತವನ್ನು ಕಾರಣ ಕೇಳದೆ ಅನುಸರಿಸುವುದಕ್ಕೆ 'ತಕ್ಲೀದ್' ಎಂದು ಹೆಸರು. ಯೋಗ್ಯನಾದ ವಿದ್ವಾಂಸನು ಮೂಲಾಧಾರಗಳಿಂದ ಸ್ವಂತ ಪ್ರಯತ್ನದಿಂದ ನಿರ್ಣಯವನ್ನು ಹೊರತೆಗೆಯುವುದಕ್ಕೆ 'ಇಜ್ತಿಹಾದ್' ಎನ್ನುತ್ತಾರೆ. ಸುಧಾರಕರೆಲ್ಲರೂ ತಕ್ಲೀದನ್ನು ಖಂಡಿಸಿ ಇಜ್ತಿಹಾದನ್ನು ಎತ್ತಿಹಿಡಿದವರೇ. ಆದರೆ ಇಜ್ತಿಹಾದಿಗೆ ಯೋಗ್ಯನಾದವನು ಯಾರು, ಆ ಯೋಗ್ಯತೆಯನ್ನು ನಿರ್ಣಯಿಸುವವರು ಯಾರು? ವಿವಾದಗಳೆಲ್ಲ ಹುಟ್ಟಿದುದು ಈ ಪ್ರಶ್ನೆಯಿಂದ.

೨

ಮುಹಮ್ಮದ್ ಅಬ್ದುಹ್ ಅವರು ೧೮೪೯ರಲ್ಲಿ ನೈಲ್ ನದಿಯ ಮುಖಜ ಭೂಮಿಯ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಓದಿಗಾಗಿ ತಂತಾ ಪಟ್ಟಣದ ಮಸೀದಿಯ ಪಾಠಶಾಲೆಗೆ ಹೋದಾಗ ಅವರಿಗಾದ ಅನುಭವವನ್ನು ಅವರೇ ಬರೆದಿಟ್ಟಿದ್ದಾರೆ. ಉಪಾಧ್ಯಾಯರು ಅರ್ಥವನ್ನು ವಿವರಿಸದೆ ವ್ಯಾಕರಣದ ಪರಿಭಾಷೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಂದೂವರೆ ವರ್ಷ ಕುಳಿತರೂ ಏನೂ ತಿಳಿಯದೆ ಬಾಲಕನು ಓಡಿಹೋದನು. ತಂದೆಯ ಸೋದರಮಾವನಾದ ದರ್ವೇಶ್ ಎಂಬ ಸೂಫಿಯೊಬ್ಬನು ಅವನಲ್ಲಿ ಓದಿನ ರುಚಿಯನ್ನು ಮರಳಿ ಹುಟ್ಟಿಸಿದನು. ಬೋಧನೆಯ ಕ್ರಮವೇ ಬದಲಾಗದೆ ಸಮಾಜವು ಬದಲಾಗದೆಂಬ ಅವರ ಮುಂದಿನ ಹಟಕ್ಕೆ ಈ ಬಾಲ್ಯದ ಕಹಿಯೇ ಬೀಜವಾಯಿತೆಂದರೆ ತಪ್ಪಾಗಲಾರದು.

ಮುಂದೆ ಅವರು ಕೈರೋ ನಗರದ ಅಲ್-ಅಜ್ಹರ್ ವಿದ್ಯಾಪೀಠವನ್ನು ಸೇರಿದರು. ಕ್ರಿ.ಶ. ೯೭೦ರಲ್ಲಿ ಫಾತಿಮಿ ವಂಶದವರು ಕಟ್ಟಲಾರಂಭಿಸಿದ ಮಸೀದಿಯಿಂದ ಬೆಳೆದ ಈ ಪೀಠವು ಸುನ್ನೀ ಪಾಂಡಿತ್ಯಕ್ಕೆ ಶತಮಾನಗಳಿಂದಲೂ ನೆಲೆಯಾಗಿದ್ದಿತು. ಅಲ್ಲಿ ೧೮೭೧ರಲ್ಲಿ ಜಮಾಲುದ್ದೀನ್ ಅಫ್ಘಾನಿಯವರ ಪರಿಚಯವಾಯಿತು. ೧೮೭೭ರಲ್ಲಿ 'ಆಲಿಂ' ಪದವಿ ದೊರೆಯಿತು. ಗುರುಪರಂಪರೆಯಿಂದ ಬರುತ್ತಿದ್ದ ಅನುಮತಿಗೆ ಬದಲಾಗಿ ಪರೀಕ್ಷೆಯಿಂದ ಈ ಪದವಿಯನ್ನು ಕೊಡುವ ನಿಯಮವು ಬಂದುದು ೧೮೭೨ರಲ್ಲಿ; ಅಂದರೆ ಅಬ್ದುಹ್ ಅವರು ಸರಕಾರದ ಕಾನೂನಿಗೊಳಪಟ್ಟ ಪದವಿಯನ್ನು ಪಡೆದ ಮೊದಲ ತಲೆಮಾರಿನವರು. ಈ ಸಂಗತಿ ಮುಂದೆ ಮಹತ್ತ್ವವನ್ನು ಪಡೆಯುತ್ತದೆ.

ಉರಾಬಿಯ ನೇತೃತ್ವದ ದಂಗೆಯ ತರುವಾಯ ೧೮೮೨ರಲ್ಲಿ ಬ್ರಿಟಿಷರು ಈಜಿಪ್ಟನ್ನು ಆಕ್ರಮಿಸಿಕೊಂಡರು. ದಂಗೆಯ ಪಕ್ಷವನ್ನು ಹಿಡಿದಿದ್ದ ಅಬ್ದುಹ್ ಅವರು ಗಡೀಪಾರಾದರು. ೧೮೮೪ರಲ್ಲಿ ಪ್ಯಾರಿಸ್ ನಗರದಲ್ಲಿ ಅಫ್ಘಾನಿಯವರೊಡನೆ ಒಂದು ಪತ್ರಿಕೆಯನ್ನು ನಡೆಸಿದರು. ಹದಿನೆಂಟು ಸಂಚಿಕೆಗಳಲ್ಲಿ ಅದು ನಿಂತಿತು. ಬೇರೂಟಿನಲ್ಲಿ ಅವರು ಮಾಡಿದ ಪಾಠಗಳೇ ೧೮೯೭ರಲ್ಲಿ ಏಕದೇವತಾಸಿದ್ಧಾಂತವನ್ನು ಕುರಿತ ಅವರ ಪ್ರಸಿದ್ಧ ಗ್ರಂಥವಾಗಿ ಹೊರಬಂದವು. ವಿವೇಕಕ್ಕೂ ದೈವವಾಣಿಗೂ ನಿಜವಾದ ವಿರೋಧವಿಲ್ಲ; ವಿರೋಧವು ತೋರಿಬಂದರೆ ನಮ್ಮ ಗ್ರಹಿಕೆಯಲ್ಲಿ ದೋಷವಿದೆ ಎಂಬುದು ಆ ಗ್ರಂಥದ ತಿರುಳು.

೧೮೮೮ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಅವರು ರಾಜಕೀಯ ಕ್ರಾಂತಿಯ ಮಾರ್ಗವನ್ನು ಬಿಟ್ಟು ಸಂಸ್ಥೆಗಳ ಸುಧಾರಣೆಗೆ ತೊಡಗಿದರು, ನ್ಯಾಯಾಧೀಶರಾದರು, ೧೮೯೫ರಲ್ಲಿ ಅಜ್ಹರಿನ ಆಡಳಿತ ಮಂಡಳಿಗೆ ಬಂದರು, ೧೮೯೯ರಲ್ಲಿ ಈಜಿಪ್ಟಿನ ಮುಫ್ತಿಯಾಗಿ ನೇಮಕಗೊಂಡರು. ಉಪಾಧ್ಯಾಯರ ವೇತನ, ಪರೀಕ್ಷೆ, ಪುಸ್ತಕಾಲಯ, ವಿದ್ಯಾರ್ಥಿಗಳ ಆರೋಗ್ಯ, ಗಣಿತ ಭೂಗೋಳಗಳ ಪಾಠ — ಇವೆಲ್ಲವನ್ನೂ ಕ್ರಮಕ್ಕೆ ತರಲು ಅವರು ಶ್ರಮಿಸಿದರು. ಶರೀಅತ್ ನ್ಯಾಯಾಲಯಗಳನ್ನು ಸುತ್ತಿ ನೋಡಿ ಅವುಗಳ ಸುಧಾರಣೆಗಾಗಿ ವರದಿಯೊಂದನ್ನು ಸಲ್ಲಿಸಿದರು. ಟ್ರಾನ್ಸ್‌ವಾಲಿನ ಮುಸ್ಲಿಮರು ಕೇಳಿದ ಪ್ರಶ್ನೆಗಳಿಗೆ ೧೯೦೩ರಲ್ಲಿ ಉತ್ತರವಿತ್ತು, ಅಗತ್ಯವಿದ್ದಲ್ಲಿ ಯೂರೋಪಿಯನರ ಟೋಪಿಯನ್ನು ಧರಿಸಬಹುದು, ಕ್ರೈಸ್ತರು ಕೊಯ್ದ ಮಾಂಸವನ್ನು ತಿನ್ನಬಹುದು, ಬೇರೆ ಪಂಥದ ಇಮಾಮನ ಹಿಂದೆ ನಿಂತು ಪ್ರಾರ್ಥಿಸಬಹುದು ಎಂದರು. ಇಂದು ಸಣ್ಣದಾಗಿ ತೋರುವ ಈ ಫತ್ವಾ ಆಗ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು.

ಖೆದೀವ ಎರಡನೆಯ ಅಬ್ಬಾಸ್ ಹಿಲ್ಮಿಯು ಮೊದಮೊದಲು ಅವರಿಗೆ ಬೆಂಬಲವಿತ್ತು, ತರುವಾಯ ವಿರೋಧಿಯಾದನು. ಆದರೂ ಅವರನ್ನು ಪೀಠದಿಂದ ಇಳಿಸಲಾಗಲಿಲ್ಲ. ಏಕೆಂದರೆ ದೇಶದ ನಿಜವಾದ ಅಧಿಕಾರವನ್ನು ಹಿಡಿದಿದ್ದ ಲಾರ್ಡ್ ಕ್ರೋಮರನ ಒಲವು ಅವರ ಮೇಲಿತ್ತು. ತಕ್ಲೀದನ್ನು ಖಂಡಿಸಿದ ಈ ಸ್ವತಂತ್ರಬುದ್ಧಿಯ ವಿದ್ವಾಂಸರಿಗೆ ಆಸರೆಯಾದುದು ಪರದೇಶೀಯನ ಅಧಿಕಾರವೆಂಬುದು ಕಹಿಯಾದರೂ ಸತ್ಯ. ೧೯೦೫ರಲ್ಲಿ ಅಜ್ಹರಿನ ಮಂಡಳಿಗೆ ಅವರು ರಾಜೀನಾಮೆಯಿತ್ತರು. ಅದೇ ವರ್ಷ ಜುಲೈ ತಿಂಗಳಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ತೀರಿಕೊಂಡರು. ಅವರ ಬಳಗದವರಾದ ಖಾಸಿಂ ಅಮೀನರು ಸ್ತ್ರೀವಿಮೋಚನೆಯನ್ನು ಕುರಿತು ೧೮೯೯ ಮತ್ತು ೧೯೦೦ರಲ್ಲಿ ಎರಡು ಗ್ರಂಥಗಳನ್ನು ಬರೆದರು. ಸಿರಿಯಾದಿಂದ ಬಂದ ರಶೀದ್ ರಿದಾ ಅವರು ೧೮೯೮ರಲ್ಲಿ 'ಅಲ್-ಮನಾರ್' ಪತ್ರಿಕೆಯನ್ನು ಆರಂಭಿಸಿ ಗುರುವಿನ ಮಾತನ್ನು ದೂರದೂರಕ್ಕೆ ಮುಟ್ಟಿಸಿದರು.

೩

ಅಬ್ದುಹ್ ಅವರ ಮರಣಾನಂತರ ಅಜ್ಹರನ್ನು ಕ್ರಮಪಡಿಸುವ ಕಾರ್ಯವು ನಿಲ್ಲಲಿಲ್ಲ. ೧೯೧೧ರ ಕಾನೂನಿನಿಂದ ಪೀಠದ ಆಡಳಿತವು ಇನ್ನಷ್ಟು ಬಿಗಿಯಾಯಿತು. 'ಹಿರಿಯ ವಿದ್ವಾಂಸರ ಮಂಡಳಿ' ಎಂಬ ಹೊಸ ಸಂಸ್ಥೆ ಹುಟ್ಟಿಕೊಂಡಿತು. ಆ ಕಾನೂನಿನ ೧೦೧ನೆಯ ವಿಧಿಯ ಪ್ರಕಾರ ಆಲಿಂ ಒಬ್ಬನು ತನ್ನ ಪದವಿಗೆ ತಕ್ಕುದಲ್ಲದ ಕಾರ್ಯವನ್ನು ಮಾಡಿದರೆ ಆ ಮಂಡಳಿಯು ಅವನನ್ನು ವಿದ್ವಾಂಸರ ವರ್ಗದಿಂದ ಹೊರಹಾಕಬಹುದು; ತೀರ್ಪಿನ ಮೇಲೆ ಅಪೀಲಿಲ್ಲ; ಹಾಗೆ ಹೊರಬಿದ್ದವನು ತಾನು ಹೊಂದಿರುವ ಹುದ್ದೆಯನ್ನೂ ಕಳೆದುಕೊಳ್ಳುವನು. ಗುರು ಶಿಷ್ಯರ ಸಂಬಂಧದಿಂದ ನಡೆಯುತ್ತಿದ್ದ ಸಡಿಲವಾದ ಪಾಠಶಾಲೆಯಲ್ಲಿ ಇಂಥ ದಂಡನೆಗೆ ಅವಕಾಶವೇ ಇರಲಿಲ್ಲ. ಸುಧಾರಕರು ಬಯಸಿದ ಕ್ರಮಬದ್ಧತೆಯೇ ಸುಧಾರಕನೊಬ್ಬನನ್ನು ದಂಡಿಸುವ ಸಾಧನವನ್ನೂ ನಿರ್ಮಿಸಿತು. ಇದನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ನಮಗೆ ತೋರುತ್ತದೆ.

ಆ ಸಾಧನಕ್ಕೆ ಗುರಿಯಾದವರು ಅಲಿ ಅಬ್ದುರ್ ರಾಜಿಕ್ ಅವರು. ೧೮೮೮ರಲ್ಲಿ ಮಿನ್ಯಾ ಪ್ರಾಂತದ ಅನುಕೂಲಸ್ಥ ಮನೆತನವೊಂದರಲ್ಲಿ ಹುಟ್ಟಿದ ಇವರು ಅಜ್ಹರಿನ ಪದವೀಧರರು; ಕೆಲಕಾಲ ಆಕ್ಸ್‌ಫರ್ಡಿನಲ್ಲಿಯೂ ಇದ್ದು ಮೊದಲನೆಯ ಮಹಾಯುದ್ಧವು ಆರಂಭವಾದ ಮೇಲೆ ಹಿಂತಿರುಗಿ ಶರೀಅತ್ ನ್ಯಾಯಾಲಯದ ಖಾಜಿಯಾದರು. ಅಣ್ಣ ಮುಸ್ತಫಾ ಅವರು ಅಬ್ದುಹ್ ಅವರ ಶಿಷ್ಯರು. ಮನೆತನದವರು ಲಿಬರಲ್ ಸಂವಿಧಾನವಾದಿ ಪಕ್ಷಕ್ಕೆ ನಿಕಟರು.

ಆ ದಿನಗಳ ಸಂದರ್ಭವನ್ನು ಇಲ್ಲಿ ನೆನೆಯಬೇಕು. ೧೯೨೪ರ ಮಾರ್ಚ್ ೩ರಂದು ತುರ್ಕಿಯ ರಾಷ್ಟ್ರೀಯ ಮಹಾಸಭೆಯು ಖಿಲಾಫತ್ತನ್ನು ರದ್ದುಗೊಳಿಸಿತು. ಇದಕ್ಕೆ ನಿಮಿತ್ತವಾದ ಸಂಗತಿಗಳಲ್ಲಿ ಭಾರತೀಯರ ಪಾತ್ರವೂ ಉಂಟು. ೧೯೨೩ರ ಕೊನೆಯಲ್ಲಿ ಆಗಾ ಖಾನ್ ಮತ್ತು ಅಮೀರ್ ಅಲಿ ಇವರಿಬ್ಬರೂ ಖಲೀಫನ ಗೌರವವನ್ನು ಕಾಪಾಡಬೇಕೆಂದು ತುರ್ಕಿಯ ಪ್ರಧಾನಿಗೆ ಬರೆದ ಪತ್ರವು ಇಸ್ತಾಂಬುಲಿನ ಪತ್ರಿಕೆಗಳಲ್ಲಿ ಅಚ್ಚಾಗಿ, ಪರದೇಶೀಯರ ಕೈವಾಡವೆಂಬ ಕೋಪವನ್ನು ಕೆರಳಿಸಿತು. ಖಿಲಾಫತ್ತಿಲ್ಲದ ಮುಸ್ಲಿಂ ಜಗತ್ತು ಏನು ಮಾಡಬೇಕೆಂಬ ಪ್ರಶ್ನೆಯು ಎಲ್ಲೆಲ್ಲಿಯೂ ಎದ್ದಿತು. ಈಜಿಪ್ಟಿನ ದೊರೆ ಫುವಾದನು ಆ ಪದವಿ ತನಗೆ ಬಂದರೆ ಒಳಿತೆಂದು ಆಶಿಸುತ್ತಿದ್ದನು. ಅಜ್ಹರಿನ ಹಿರಿಯರು ಖಿಲಾಫತ್ ಸಮ್ಮೇಳನವೊಂದನ್ನು ಕೈರೋದಲ್ಲಿ ಕೂಡಿಸಲು ನಿರ್ಧರಿಸಿದರು.

ಇಂಥ ಸಮಯದಲ್ಲಿ, ೧೯೨೫ರಲ್ಲಿ, 'ಇಸ್ಲಾಂ ಮತ್ತು ರಾಜ್ಯಾಡಳಿತದ ಮೂಲತತ್ತ್ವಗಳು' ಎಂಬರ್ಥದ ಹೆಸರಿನ ಅಬ್ದುರ್ ರಾಜಿಕ್ ಅವರ ಗ್ರಂಥವು ಪ್ರಕಟವಾಯಿತು. ಅದು ಗಾತ್ರದಲ್ಲಿ ಚಿಕ್ಕದು. ಮೂರು ಭಾಗಗಳು, ಒಟ್ಟು ಒಂಬತ್ತು ಅಧ್ಯಾಯಗಳು. ವಾದಸರಣಿಯು ಖಾಜಿಯೊಬ್ಬನ ತೀರ್ಪಿನಂತೆ ಹೆಜ್ಜೆಹೆಜ್ಜೆಯಾಗಿ ಸಾಗುತ್ತದೆ. ಖಿಲಾಫತ್ತು ಧರ್ಮದ ಕಟ್ಟಳೆಯೆಂಬುದಕ್ಕೆ ಕುರಾನಿನಲ್ಲಿ ಆಧಾರವುಂಟೇ? ಇಲ್ಲ. ಹದೀಸುಗಳಲ್ಲಿ ಉಂಟೇ? ಸ್ಪಷ್ಟವಾದುದು ಇಲ್ಲ. ಸಮುದಾಯದ ಒಮ್ಮತ, ಅಂದರೆ 'ಇಜ್ಮಾ' ಉಂಟೇ? ಬಲಪ್ರಯೋಗದಿಂದ ನಿಂತ ಅರಸೊತ್ತಿಗೆಯೆದುರು ಜನರು ಮೌನವಾಗಿದ್ದರೆ ಅದನ್ನು ಒಮ್ಮತವೆನ್ನಲಾಗದು. ಹೀಗೆ ಪೂರ್ವಪಕ್ಷವನ್ನು ನಿರಾಕರಿಸಿ, ಪೈಗಂಬರರ ಅಧಿಕಾರವು ದೈವಸಂದೇಶವನ್ನು ಮುಟ್ಟಿಸುವ ಅಧಿಕಾರವೇ ಹೊರತು ರಾಜತ್ವವಲ್ಲವೆಂದೂ, ಅವರ ತರುವಾಯ ಬಂದ ಆಡಳಿತವು ಲೌಕಿಕವಾದುದೆಂದೂ ಅವರು ಪ್ರತಿಪಾದಿಸಿದರು. ಆದುದರಿಂದ ಮುಸ್ಲಿಮರು ತಮ್ಮ ರಾಜ್ಯವ್ಯವಸ್ಥೆಯನ್ನು ವಿವೇಕದಿಂದಲೂ ಇತರ ಜನಾಂಗಗಳ ಅನುಭವದಿಂದಲೂ ಕಟ್ಟಿಕೊಳ್ಳಲು ಸ್ವತಂತ್ರರು. ಮುಸ್ಲಿಂ ವಿದ್ವಾಂಸರು ಇತರ ಶಾಸ್ತ್ರಗಳಲ್ಲಿ ಮುಂದುವರಿದರೂ ರಾಜ್ಯಶಾಸ್ತ್ರವನ್ನು ಬೆಳೆಸಲಿಲ್ಲವೇಕೆ ಎಂದು ಕೇಳಿ, ಅರಸರ ಒತ್ತಡವೇ ಅದಕ್ಕೆ ಕಾರಣವೆಂದರು. ಖಲೀಫನಾಗಬಯಸುತ್ತಿದ್ದ ದೊರೆಯೊಬ್ಬನ ರಾಜ್ಯದಲ್ಲಿ ಈ ಮಾತು ಯಾರನ್ನು ತಟ್ಟಿತೆಂಬುದನ್ನು ವಿವರಿಸಬೇಕಾಗಿಲ್ಲ.

೧೯೨೫ರ ಆಗಸ್ಟ್ ೧೨ರಂದು ಹಿರಿಯ ವಿದ್ವಾಂಸರ ಮಂಡಳಿಯು ಅಜ್ಹರಿನ ಶೇಖರ ಅಧ್ಯಕ್ಷತೆಯಲ್ಲಿ ಸೇರಿ ಏಳು ಆರೋಪಗಳ ವಿಚಾರಣೆ ನಡೆಸಿತು. ಶರೀಅತ್ತನ್ನು ಕೇವಲ ಆಧ್ಯಾತ್ಮಿಕವೆಂದದ್ದು, ಪೈಗಂಬರರ ಒಡನಾಡಿಗಳ ಒಮ್ಮತವನ್ನು ಅಲ್ಲಗಳೆದದ್ದು, ನ್ಯಾಯಾಧೀಶನ ಕಾರ್ಯವು ಧಾರ್ಮಿಕವಲ್ಲವೆಂದದ್ದು ಮೊದಲಾದವು ಆ ಆರೋಪಗಳು. ತನ್ನನ್ನು ವಿಚಾರಿಸುವ ಅಧಿಕಾರವೇ ಮಂಡಳಿಗಿಲ್ಲವೆಂಬ ಅವರ ಆಕ್ಷೇಪವು ತಿರಸ್ಕೃತವಾಯಿತು. ೧೦೧ನೆಯ ವಿಧಿಯ ಪ್ರಕಾರ ಅವರ ಹೆಸರನ್ನು ವಿದ್ವಾಂಸರ ಪಟ್ಟಿಯಿಂದ ತೆಗೆದುಹಾಕಲಾಯಿತು.

ಇಲ್ಲಿಗೆ ಇದು ಪಂಡಿತರ ಜಗಳ. ಮುಂದಿನದು ರಾಜ್ಯದ ಬಿಕ್ಕಟ್ಟು. ೧೯೨೩ರ ಸಂವಿಧಾನವು ವಿಶ್ವಾಸದ ಸ್ವಾತಂತ್ರ್ಯವನ್ನೂ ಅಭಿಪ್ರಾಯ ಸ್ವಾತಂತ್ರ್ಯವನ್ನೂ ಪ್ರಜೆಗಳಿಗೆ ಕೊಟ್ಟಿತ್ತು. ಅದೇ ಸಂವಿಧಾನವು ಇಸ್ಲಾಮನ್ನು ರಾಜ್ಯದ ಧರ್ಮವೆಂದೂ ಸಾರಿತ್ತು. ಹಾಗಿರುವಲ್ಲಿ ಪುಸ್ತಕ ಬರೆದುದಕ್ಕಾಗಿ ಖಾಜಿಯನ್ನು ಹುದ್ದೆಯಿಂದ ತೆಗೆಯಬಹುದೇ? ನ್ಯಾಯಮಂತ್ರಿಗಳಾಗಿದ್ದ ಅಬ್ದುಲ್ ಅಜೀಜ್ ಫಹ್ಮಿಯವರು ಅಜ್ಹರಿನ ತೀರ್ಪನ್ನು ಕೂಡಲೆ ಜಾರಿಗೆ ತರದೆ, ಪ್ರಶ್ನೆಯನ್ನು ಸರಕಾರದ ಕಾನೂನು ಪರಿಣತರಿಗೆ ಒಪ್ಪಿಸಿದರು. ಸೆಪ್ಟೆಂಬರಿನಲ್ಲಿ ಅವರನ್ನೇ ವಜಾ ಮಾಡಲಾಯಿತು. ಅವರ ಪಕ್ಷದ ಇತರ ಮಂತ್ರಿಗಳು ರಾಜೀನಾಮೆಯಿತ್ತರು. ಸಮ್ಮಿಶ್ರ ಮಂತ್ರಿಮಂಡಲ ಒಡೆಯಿತು. ಅಬ್ದುರ್ ರಾಜಿಕ್ ಅವರು ಹುದ್ದೆಯನ್ನು ಕಳೆದುಕೊಂಡರು. ವಫ್ದ್ ಪಕ್ಷದ ನಾಯಕ ಸಾದ್ ಜಗ್ಲೂಲರು ಸ್ವತಃ ಅಬ್ದುಹ್ ಅವರ ಬಳಗದಿಂದ ಬಂದವರಾದರೂ ಈ ಗ್ರಂಥವನ್ನು ಬೆಂಬಲಿಸಲಿಲ್ಲ.

ಆದರೆ ವಿರೋಧಿಗಳೆಲ್ಲರೂ ಅರಮನೆಯ ಕೈಗೊಂಬೆಗಳಾಗಿದ್ದರೆಂದು ತೀರ್ಮಾನಿಸಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ರಶೀದ್ ರಿದಾ ಅವರ ಖಂಡನೆಯ ಹಿಂದೆ ಪ್ರಾಮಾಣಿಕವಾದ ಭಯವೊಂದಿತ್ತು. ಮುಸ್ಲಿಂ ದೇಶಗಳು ಒಂದೊಂದಾಗಿ ಯೂರೋಪಿನ ಅಧೀನವಾಗುತ್ತಿದ್ದ ಕಾಲದಲ್ಲಿ, ಧರ್ಮಕ್ಕೂ ರಾಜ್ಯಕ್ಕೂ ಸಂಬಂಧವಿಲ್ಲವೆಂದರೆ ಆಕ್ರಮಣಕಾರರಿಗೆ ಹಾದಿ ಸುಗಮವಾಗುವುದೆಂದು ಅವರು ಎಣಿಸಿದರು. ಯೋಗ್ಯನಾದ ವಿದ್ವಾಂಸನೇ ಖಲೀಫನಾಗಿ ಇಜ್ತಿಹಾದಿನಿಂದ ಶಾಸನಗಳನ್ನು ಹೊಸಗೊಳಿಸಬೇಕೆಂಬುದು ಅವರ ಕನಸು. ಇತ್ತ ಅಬ್ದುರ್ ರಾಜಿಕ್ ಅವರ ಗ್ರಂಥದಲ್ಲಿಯೂ ಒಂದು ಕೊರತೆಯುಂಟು. ರಾಜ್ಯಾಧಿಕಾರವನ್ನು ಧರ್ಮದಿಂದ ಬಿಡಿಸಿದ ಅವರು ವಿವಾಹ, ವಿಚ್ಛೇದನ, ದಾಯಭಾಗಗಳ ಶಾಸ್ತ್ರವಿಧಿಗಳನ್ನು ಇನ್ನು ಮುಂದೆ ಯಾರು ನಿರ್ಣಯಿಸಬೇಕೆಂಬುದನ್ನು ಹೇಳಲಿಲ್ಲ. ಇಸ್ಲಾಮಿನಲ್ಲಿ ಪುರೋಹಿತಾಧಿಕಾರವಿಲ್ಲ, ಖಲೀಫನು ಎಲ್ಲ ರೀತಿಯಿಂದಲೂ ಲೌಕಿಕ ಪ್ರಭುವೇ ಎಂದು ಅಬ್ದುಹ್ ಅವರು ಹಿಂದೆಯೇ ಹೇಳಿದ್ದರು. ಆ ಮಾತಿನ ಒಂದು ಕವಲನ್ನು ರಿದಾ ಅವರೂ ಇನ್ನೊಂದು ಕವಲನ್ನು ಅಬ್ದುರ್ ರಾಜಿಕ್ ಅವರೂ ಹಿಡಿದರು. ಹೀಗೆ ೧೯೨೫ರ ವಿವಾದವು ಒಂದೇ ಗುರುಮನೆಯೊಳಗಿನ ವ್ಯಾಜ್ಯವೂ ಆಗಿತ್ತು.

ಖಿಲಾಫತ್ ಸಮ್ಮೇಳನವು ೧೯೨೬ರ ಮೇ ತಿಂಗಳಲ್ಲಿ ಸೇರಿ ಯಾವ ನಿರ್ಣಯಕ್ಕೂ ಬರದೆ ಚದರಿತು. ಫುವಾದನ ಆಸೆ ಕೈಗೂಡಲಿಲ್ಲ. ಅಬ್ದುರ್ ರಾಜಿಕ್ ಅವರು ೧೯೪೦ರ ದಶಕದಲ್ಲಿ ತಮ್ಮ ಸ್ಥಾನವನ್ನು ಮರಳಿ ಪಡೆದು ವಕ್ಫ್ ಇಲಾಖೆಯ ಮಂತ್ರಿಗಳೂ ಆದರು. ಅಣ್ಣ ಮುಸ್ತಫಾ ಅವರು ೧೯೪೫ರಿಂದ ೧೯೪೭ರವರೆಗೆ ಅಜ್ಹರಿನ ಶೇಖರಾಗಿದ್ದರು. ಆದರೆ ೧೯೬೬ರಲ್ಲಿ ತೀರಿಕೊಳ್ಳುವವರೆಗೂ ಅಲಿಯವರು ಆ ಪ್ರಶ್ನೆಯನ್ನು ಮತ್ತೊಂದು ಗ್ರಂಥದಲ್ಲಿ ಮುಂದುವರಿಸಲಿಲ್ಲ. ದಂಡನೆಯು ಆಲೋಚನೆಯನ್ನು ಕೊಲ್ಲದಿದ್ದರೂ ಆಲೋಚಿಸುವವನ ಲೇಖನಿಯನ್ನು ನಿಲ್ಲಿಸಬಲ್ಲುದು.

ಇದೇ ಪ್ರಶ್ನೆಯು ಭಾರತದಲ್ಲಿ ಬೇರೊಂದು ರೀತಿಯಲ್ಲಿ ಚರ್ಚೆಗೆ ಬಂದಿತು. ಇಕ್ಬಾಲರು ಇಜ್ತಿಹಾದನ್ನು ಕುರಿತ ತಮ್ಮ ಉಪನ್ಯಾಸದಲ್ಲಿ ತುರ್ಕಿಯ ಮಹಾಸಭೆಯ ನಿರ್ಧಾರವನ್ನು ಸಮರ್ಥಿಸಿ, ಖಲೀಫನ ಅಧಿಕಾರವು ಚುನಾಯಿತ ಸಭೆಯೊಂದರಲ್ಲಿ ನೆಲಸಬಹುದೆಂದರು. ಆ ಉಪನ್ಯಾಸಮಾಲೆಯ ಕೆಲವು ಭಾಗಗಳನ್ನು ೧೯೨೯ರ ಜನವರಿಯಲ್ಲಿ ಮದ್ರಾಸಿನಲ್ಲಿ ಓದಿದ ಮೇಲೆ ಅವರು ಬೆಂಗಳೂರು ಮೈಸೂರುಗಳಿಗೂ ಬಂದಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗೋರಿಯನ್ನು ದರ್ಶಿಸಿದರು. ಕೈರೋದಲ್ಲಿ ಮಂತ್ರಿಮಂಡಲವನ್ನೊಡೆದ ಪ್ರಶ್ನೆಯನ್ನು ಕುರಿತು ಬರೆದ ವಿಚಾರವಂತರೊಬ್ಬರು ನಮ್ಮ ಊರುಗಳಲ್ಲಿ ನಡೆದಾಡಿದ್ದರೆಂಬುದು ಇಲ್ಲಿನ ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ. ಇಕ್ಬಾಲರನ್ನು ಪದವಿಯಿಂದ ಕಳೆಯಬಲ್ಲ ಮಂಡಳಿ ಯಾವುದೂ ಇರಲಿಲ್ಲ. ಅವರು ವಕೀಲರು, ಕವಿಗಳು.

೪

ಅಬ್ದುರ್ ರಾಜಿಕ್ ಅವರ ದಂಡನೆಯಾದ ಮರುವರ್ಷವೇ ತಾಹಾ ಹುಸೈನರ ಪ್ರಕರಣವು ನಡೆಯಿತು. ಎಳೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡ ಇವರು ೧೯೦೨ರಲ್ಲಿ ಅಜ್ಹರನ್ನು ಸೇರಿ, ೧೯೧೨ರಲ್ಲಿ ಅಲ್ಲಿನ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹೊರಬಿದ್ದರು. ೧೯೦೮ರಲ್ಲಿ ಸ್ಥಾಪಿತವಾಗಿದ್ದ ಈಜಿಪ್ಟಿನ ವಿಶ್ವವಿದ್ಯಾನಿಲಯದಿಂದ ೧೯೧೪ರಲ್ಲಿ ಡಾಕ್ಟರೇಟ್ ಪಡೆದು, ಪ್ಯಾರಿಸ್ಸಿನಲ್ಲಿ ಇಬ್ನ್ ಖಲ್ದೂನನನ್ನು ಕುರಿತು ಮತ್ತೊಂದು ಪ್ರಬಂಧವನ್ನು ಸಿದ್ಧಪಡಿಸಿ ಹಿಂತಿರುಗಿದರು. ೧೯೨೬ರಲ್ಲಿ ಇಸ್ಲಾಂಪೂರ್ವ ಕಾವ್ಯವನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು. ಇಸ್ಲಾಂಪೂರ್ವವೆಂದು ಹೇಳುವ ಕಾವ್ಯದ ಬಹುಭಾಗವು ತರುವಾಯದ ಕಾಲದಲ್ಲಿ ಕಟ್ಟಿದುದೆಂದು ಅವರು ವಾದಿಸಿದರು. ಅಷ್ಟೇ ಅಲ್ಲ, ಅಬ್ರಹಾಮ ಇಸ್ಮಾಯಿಲರ ಪ್ರಸ್ತಾಪವು ಧರ್ಮಗ್ರಂಥಗಳಲ್ಲಿ ಬಂದ ಮಾತ್ರಕ್ಕೆ ಅವರ ಐತಿಹಾಸಿಕತೆಯು ಸಿದ್ಧವಾಗುವುದಿಲ್ಲವೆಂದೂ ಬರೆದರು. ನಂಬಿಕೆಯ ದೃಷ್ಟಿಯಿಂದ ನೋಡಿದರೆ ಇದು ಅಬ್ದುರ್ ರಾಜಿಕ್ ಅವರ ವಾದಕ್ಕಿಂತ ಹೆಚ್ಚು ಹರಿತವಾದ ಮಾತು.

ದೂರುಗಳು ಬಂದವು; ಸಂಸತ್ತಿನಲ್ಲಿ ಚರ್ಚೆಯಾಯಿತು; ಸರಕಾರಿ ಅಭಿಯೋಜಕರು ಲೇಖಕರನ್ನು ಪ್ರಶ್ನಿಸಿದರು. ಆದರೆ ೧೯೨೭ರ ಮಾರ್ಚಿನಲ್ಲಿ ಅಭಿಯೋಜಕ ಮುಹಮ್ಮದ್ ನೂರ್ ಅವರು, ಲೇಖಕರ ಕೆಲವು ಮಾತುಗಳನ್ನು ಕಟುವಾಗಿ ಟೀಕಿಸಿದರೂ, ಅಪರಾಧದ ಉದ್ದೇಶವು ಸಿದ್ಧವಾಗಿಲ್ಲವೆಂದು ಪ್ರಕರಣವನ್ನು ಮುಗಿಸಿದರು. ಗ್ರಂಥವನ್ನು ಹಿಂತೆಗೆದುಕೊಂಡು, ಆಕ್ಷೇಪಕ್ಕೊಳಗಾದ ಭಾಗವನ್ನು ಬಿಟ್ಟು, ಹೆಸರನ್ನು ಬದಲಿಸಿ ೧೯೨೭ರಲ್ಲಿ ಮತ್ತೆ ಪ್ರಕಟಿಸಲಾಯಿತು. ತಾಹಾ ಹುಸೈನರು ಪ್ರಾಧ್ಯಾಪಕರಾಗಿಯೇ ಉಳಿದರು.

ಈ ಎರಡು ಪ್ರಕರಣಗಳ ಅಂತರಕ್ಕೆ ಕಾರಣವೇನು? ಅಬ್ದುರ್ ರಾಜಿಕ್ ಅವರು ಅಜ್ಹರಿನ ಪದವೀಧರರು; ಆದುದರಿಂದ ಅಜ್ಹರು ಅವರನ್ನು ದಂಡಿಸಬಲ್ಲುದಾಯಿತು. ತಾಹಾ ಹುಸೈನರಿಗೆ ಆ ಪದವಿಯು ದೊರೆತೇ ಇರಲಿಲ್ಲ. ಹಿಂದೆ ಪರೀಕ್ಷೆಯಲ್ಲಿ ಸೋತುದೇ ಅವರ ರಕ್ಷೆಯಾಯಿತು. ೧೯೨೫ರಲ್ಲಿ ಸರಕಾರದ ಅಧೀನಕ್ಕೆ ಬಂದ ವಿಶ್ವವಿದ್ಯಾನಿಲಯಕ್ಕೆ ತನ್ನದೇ ಆದ ಆಡಳಿತವಿತ್ತು. ಅದರ ಮುಖ್ಯಸ್ಥರಾದ ಅಹಮದ್ ಲುತ್ಫಿ ಅಸ್ಸಯ್ಯಿದರು ಪ್ರಾಧ್ಯಾಪಕರ ಬೆಂಬಲಕ್ಕೆ ನಿಂತರು. ೧೯೩೨ರಲ್ಲಿ ಸರಕಾರವು ತಾಹಾ ಹುಸೈನರನ್ನು ಸ್ಥಾನದಿಂದ ತೆಗೆದಾಗ ಲುತ್ಫಿಯವರು ಪ್ರತಿಭಟಿಸಿ ರಾಜೀನಾಮೆಯಿತ್ತರೆಂಬುದನ್ನು ಇಲ್ಲಿ ಸ್ಮರಿಸಬೇಕು. ೧೯೫೦ರಿಂದ ೧೯೫೨ರವರೆಗೆ ತಾಹಾ ಹುಸೈನರು ಶಿಕ್ಷಣ ಮಂತ್ರಿಗಳಾಗಿದ್ದು, ವಿದ್ಯೆಯು ನೀರು ಗಾಳಿಗಳಂತೆ ಎಲ್ಲರ ಹಕ್ಕೆಂಬ ತತ್ತ್ವದ ಮೇಲೆ ಉಚಿತ ಶಿಕ್ಷಣವನ್ನು ವಿಸ್ತರಿಸಿದರು.

ಆದರೆ ವಿಶ್ವವಿದ್ಯಾನಿಲಯವು ಎಂದೆಂದಿಗೂ ಸುರಕ್ಷಿತವಾದ ಕೋಟೆಯಾಗಿರಲಿಲ್ಲ. ಅಮೀನ್ ಅಲ್-ಖೂಲಿಯವರು ಕುರಾನನ್ನು ಅರಬ್ಬೀ ಭಾಷೆಯ ಮಹಾಸಾಹಿತ್ಯವೆಂದು ಪರಿಗಣಿಸಿ ಅಭ್ಯಸಿಸುವ ಕ್ರಮವನ್ನು ಹಾಕಿಕೊಟ್ಟರು. ಅವರ ಶಿಷ್ಯ ಮುಹಮ್ಮದ್ ಅಹಮದ್ ಖಲಫುಲ್ಲಾ ಅವರು ಕುರಾನಿನ ಕಥನಗಳ ಉದ್ದೇಶವು ನೀತಿಬೋಧೆಯೇ ಹೊರತು ಇತಿಹಾಸಕಥನವಲ್ಲವೆಂದು ಪ್ರತಿಪಾದಿಸಿದ ಪ್ರಬಂಧವು ೧೯೪೭ರಲ್ಲಿ ತಿರಸ್ಕೃತವಾಯಿತು. ಶಿಷ್ಯನನ್ನು ಬೋಧನೆಯಿಂದ ಬೇರೆಡೆಗೆ ವರ್ಗಾಯಿಸಲಾಯಿತು. ಗುರುವು ಕುರಾನಿನ ವಿಷಯದಲ್ಲಿ ಸಂಶೋಧಕರಿಗೆ ಮಾರ್ಗದರ್ಶನ ಮಾಡಕೂಡದೆಂದಾಯಿತು.

೫

ಗ್ರಂಥಗಳ ಈ ಗದ್ದಲದ ನಡುವೆ ಸದ್ದಿಲ್ಲದೆ ನಡೆದ ಸುಧಾರಣೆಯೊಂದನ್ನು ಮರೆಯಬಾರದು. ೧೯೨೦ ಮತ್ತು ೧೯೨೯ರ ಕಾನೂನುಗಳು ಈಜಿಪ್ಟಿನ ಮುಸ್ಲಿಂ ಸ್ತ್ರೀಯರಿಗೆ ನ್ಯಾಯಾಲಯದ ಮೂಲಕ ವಿಚ್ಛೇದನವನ್ನು ಪಡೆಯುವ ದಾರಿಯನ್ನು ತೆರೆದವು. ಗಂಡನು ಜೀವನಾಂಶವನ್ನು ಕೊಡದಿದ್ದರೆ, ಹಿಂಸಿಸಿದರೆ, ದೀರ್ಘಕಾಲ ದೂರವಿದ್ದರೆ, ಸೆರೆಮನೆಗೆ ಹೋದರೆ ಹೆಂಡತಿಯು ಬಿಡುಗಡೆಯನ್ನು ಕೇಳಬಹುದಾಯಿತು. ಒಂದೇ ಬಾರಿಗೆ ಉಚ್ಚರಿಸಿದ ಮೂರು ತಲಾಖುಗಳನ್ನು ಒಂದೇ ಎಂದು ಎಣಿಸಬೇಕೆಂದು ೧೯೨೯ರ ಕಾನೂನು ವಿಧಿಸಿತು. ಹನಫೀ ಪಂಥದ ಬಿಗಿಯನ್ನು ಸಡಿಲಿಸಲು ಮಾಲಿಕೀ ಮೊದಲಾದ ಇತರ ಆಚಾರ್ಯರ ಮತಗಳಿಂದ ಅಂಶಗಳನ್ನು ಆರಿಸಿಕೊಳ್ಳುವುದು ಇದರ ಕ್ರಮ. ಈ ಕ್ರಮದಿಂದಲೇ ಭಾರತದಲ್ಲಿ ೧೯೩೯ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯಿದೆಯೂ ರೂಪುಗೊಂಡಿತು.

ಪಂಥದ ಗಡಿಗಳನ್ನು ದಾಟಬಹುದೆಂಬ ಸುಧಾರಕರ ತತ್ತ್ವವೇ ಇಲ್ಲಿ ಶಾಸನವಾಯಿತು. ಆದರೆ ಶಾಸನಕರ್ತರು ಎಲ್ಲವನ್ನೂ ಬರೆದು ಮುಗಿಸಲಿಲ್ಲ. ಲಿಖಿತ ವಿಧಿಯಿಲ್ಲದ ವಿಷಯಗಳಲ್ಲಿ ಹನಫೀ ಪಂಥದ ಪ್ರಬಲವಾದ ಮತವನ್ನೇ ಅನುಸರಿಸಬೇಕೆಂದು ೧೯೩೧ರ ನ್ಯಾಯಾಲಯ ನಿಬಂಧನೆಯ ೨೮೦ನೆಯ ವಿಧಿಯು ಹೇಳಿತು. ೧೯೫೫ರ ಕಾನೂನಿನಿಂದ ಶರೀಅತ್ ನ್ಯಾಯಾಲಯಗಳು ಮುಚ್ಚಿ, ೧೯೫೬ರ ಜನವರಿಯಿಂದ ಅವುಗಳ ಕಾರ್ಯವು ಸಾಮಾನ್ಯ ನ್ಯಾಯಾಲಯಗಳಿಗೆ ಸೇರಿತು. ೨೮೦ನೆಯ ವಿಧಿ ಮಾತ್ರ ಉಳಿಯಿತು. ಖಾಜಿಗಳು ಹೋದರು, ಖಾಜಿಗಳ ಶಾಸ್ತ್ರವು ಸಾಮಾನ್ಯ ನ್ಯಾಯಾಧೀಶರ ಕೈಗೆ ಬಂದಿತು. ಅಬ್ದುರ್ ರಾಜಿಕ್ ಅವರು ಉತ್ತರಿಸದೆ ಬಿಟ್ಟ ಪ್ರಶ್ನೆಯು ಇಲ್ಲಿ ಹೊಂಚುಹಾಕಿ ಕುಳಿತಿತ್ತು.

ನಸ್ರ್ ಹಾಮಿದ್ ಅಬೂ ಜೈದ್ ಅವರು ೧೯೪೩ರಲ್ಲಿ ತಂತಾದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದರು. ಕೈರೋ ವಿಶ್ವವಿದ್ಯಾನಿಲಯದಲ್ಲಿ ಇಸ್ಲಾಮೀ ಅಧ್ಯಯನವನ್ನು ಕೈಗೊಳ್ಳುವಂತೆ ವಿಭಾಗದವರು ಸೂಚಿಸಿದಾಗ, ಖಲಫುಲ್ಲಾ ಅವರಿಗೊದಗಿದ ಗತಿಯನ್ನು ನೆನೆದು ತಾವು ಹಿಂಜರಿದುದನ್ನು ಅವರೇ ಹೇಳಿಕೊಂಡಿದ್ದಾರೆ. ಆದ್ಯಂತವಾಗಿ ಅವರು ಅಲ್-ಖೂಲಿಯವರ ಪರಂಪರೆಯವರು. ಕುರಾನು ದೈವವಾಣಿಯೇ, ಆದರೆ ಮನುಷ್ಯರ ಭಾಷೆಯಲ್ಲಿ, ಒಂದು ಕಾಲದ ಜನರಿಗೆ ಬಂದ ವಾಣಿಯಾದುದರಿಂದ ಅದನ್ನು ಆ ಭಾಷೆ ಸಂಸ್ಕೃತಿಗಳ ಚರಿತ್ರೆಯಲ್ಲಿಟ್ಟು ಅರಿಯಬೇಕು ಎಂಬುದು ೧೯೯೦ರಲ್ಲಿ ಪ್ರಕಟವಾದ ಅವರ ಮುಖ್ಯ ಗ್ರಂಥದ ನಿಲುವು.

೧೯೯೨ರಲ್ಲಿ ಪ್ರಾಧ್ಯಾಪಕ ಪದವಿಗಾಗಿ ಸಲ್ಲಿಸಿದ ಅವರ ಬರಹಗಳ ಮೇಲೆ ಪರೀಕ್ಷಕರೊಬ್ಬರು ಪ್ರತಿಕೂಲವಾದ ವರದಿಯನ್ನು ಕೊಟ್ಟರು. ೧೯೯೩ರಲ್ಲಿ ಬಡ್ತಿಯು ನಿರಾಕೃತವಾಯಿತು. ವಿಷಯವು ಅಲ್ಲಿಗೆ ನಿಲ್ಲಲಿಲ್ಲ. ಕೆಲವರು ನ್ಯಾಯಾಲಯಕ್ಕೆ ಹೋಗಿ, ಇವರು ಧರ್ಮಭ್ರಷ್ಟರು, ಧರ್ಮಭ್ರಷ್ಟನ ವಿವಾಹವು ಮುಸ್ಲಿಂ ಸ್ತ್ರೀಯೊಡನೆ ಊರ್ಜಿತವಾಗದು, ಆದುದರಿಂದ ಗಂಡಹೆಂಡಿರನ್ನು ಬೇರ್ಪಡಿಸಬೇಕು ಎಂದು ಕೇಳಿದರು. ವಾದಿಗಳಿಗೆ ಈ ವಿಷಯದಲ್ಲಿ ಸ್ವಂತ ಹಿತಾಸಕ್ತಿಯಿಲ್ಲವೆಂದು ೧೯೯೪ರಲ್ಲಿ ಕೆಳಗಿನ ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. ಆದರೆ ಸಮುದಾಯದ ಹಿತಕ್ಕಾಗಿ ಯಾವ ಮುಸ್ಲಿಮನಾದರೂ ದೂರು ಕೊಡಬಹುದೆಂಬ 'ಹಿಸ್ಬಾ' ಎಂಬ ಹಳೆಯ ತತ್ತ್ವವನ್ನು ೨೮೦ನೆಯ ವಿಧಿಯ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡು, ಮೇಲ್ಮನವಿಯ ನ್ಯಾಯಾಲಯವು ೧೯೯೫ರ ಜೂನ್ ೧೪ರಂದು ವಿವಾಹವನ್ನು ರದ್ದುಗೊಳಿಸಿತು. ೧೯೯೬ರ ಆಗಸ್ಟಿನಲ್ಲಿ ಅತ್ಯುನ್ನತ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆ ತೀರ್ಪಿಗೆ ಮುನ್ನ ವಿಶ್ವವಿದ್ಯಾನಿಲಯವು ಅವರಿಗೆ ಪ್ರಾಧ್ಯಾಪಕ ಪದವಿಯನ್ನು ಕೊಟ್ಟಿತ್ತು. ಆದರೆ ಈಗ ಪ್ರಶ್ನೆಯು ಪದವಿಯದಾಗಿರಲಿಲ್ಲ. ೧೯೯೨ರಲ್ಲಿ ಫರಾಜ್ ಫೋದಾ ಎಂಬ ಲೇಖಕರನ್ನು ಧರ್ಮಭ್ರಷ್ಟರೆಂದು ಗುಂಡಿಟ್ಟು ಕೊಂದಿದ್ದ ನಾಡಿನಲ್ಲಿ ಇಂಥ ತೀರ್ಪಿನ ಅರ್ಥವನ್ನು ಎಲ್ಲರೂ ಬಲ್ಲವರಾಗಿದ್ದರು. ದಂಪತಿಗಳು ದೇಶವನ್ನು ಬಿಟ್ಟು ನೆದರ್‌ಲೆಂಡ್ಸಿಗೆ ಹೋದರು. ಅಬೂ ಜೈದ್ ಅವರು ಅಲ್ಲಿನ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿ, ೨೦೧೦ರ ಜುಲೈಯಲ್ಲಿ ಕೈರೋದಲ್ಲಿ ತೀರಿಕೊಂಡು, ಹುಟ್ಟಿದ ಹಳ್ಳಿಯಲ್ಲಿಯೇ ಮಣ್ಣಾದರು. ೧೯೯೬ರಲ್ಲಿ ಸರಕಾರವು ಹಿಸ್ಬಾ ದಾವೆಯನ್ನು ಹೂಡುವ ಹಕ್ಕನ್ನು ಖಾಸಗಿಯವರಿಂದ ತೆಗೆದು ಸರಕಾರಿ ಅಭಿಯೋಜಕರಿಗೆ ಕೊಟ್ಟಿತು. ಅಧಿಕಾರವು ಕೈ ಬದಲಿಸಿತು, ಇಲ್ಲವಾಗಲಿಲ್ಲ.

೬

ಮೇಲೆ ನಿರೂಪಿಸಿದ ಸಂಗತಿಗಳಿಂದ ಮೂರು ನಿರ್ಣಯಗಳನ್ನು ಮಂಡಿಸಬಹುದು.

ಮೊದಲನೆಯದಾಗಿ, ವಿಚಾರದ ಉಗ್ರತೆಗೂ ದಂಡನೆಯ ಉಗ್ರತೆಗೂ ನೇರವಾದ ಸಂಬಂಧವಿಲ್ಲ. ಮುಫ್ತಿಪೀಠದಲ್ಲಿ ಕುಳಿತ ಅಬ್ದುಹ್, ಅಜ್ಹರಿನ ಪದವಿಯಿಂದ ಬದ್ಧರಾದ ಅಬ್ದುರ್ ರಾಜಿಕ್, ಆ ಪದವಿಯಿಲ್ಲದ ತಾಹಾ ಹುಸೈನ್, ಕುಟುಂಬ ಕಾನೂನಿನ ಬಿರುಕಿನಲ್ಲಿ ಸಿಕ್ಕಿಬಿದ್ದ ಅಬೂ ಜೈದ್ — ಇವರ ಗತಿಯು ಅವರವರ ಗ್ರಂಥಗಳಿಗಿಂತ ಅವರವರು ನಿಂತ ನೆಲವನ್ನು ಅವಲಂಬಿಸಿತ್ತು.

ಎರಡನೆಯದಾಗಿ, ಈ ವಿವಾದಗಳನ್ನು ಆಧುನಿಕತೆಗೂ ಸಂಪ್ರದಾಯಕ್ಕೂ ನಡೆದ ಯುದ್ಧವೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಅಬ್ದುರ್ ರಾಜಿಕ್ ಅವರನ್ನು ದಂಡಿಸಿದ ೧೦೧ನೆಯ ವಿಧಿಯೂ ಅಬೂ ಜೈದ್ ಅವರ ಮನೆಯನ್ನು ಮುಟ್ಟಿದ ೨೮೦ನೆಯ ವಿಧಿಯೂ ಆಧುನಿಕ ರಾಜ್ಯದ ಶಾಸನಗಳೇ. ಹಳೆಯ ಕಾಲದ ಪಂಡಿತನು ಎದುರಾಳಿಯನ್ನು ಗ್ರಂಥದಿಂದ ಖಂಡಿಸುತ್ತಿದ್ದನು. ಅಪೀಲಿಲ್ಲದ ಮಂಡಳಿಯನ್ನು ಅವನ ಕೈಗೆ ಕೊಟ್ಟುದು ಹೊಸ ಕಾಲ.

ಮೂರನೆಯದಾಗಿ, ಸುಧಾರಣೆಯು ಸೋತಿತೆಂಬ ತೀರ್ಮಾನಕ್ಕೂ ಆಧಾರವಿಲ್ಲ. ೧೯೨೦ ಮತ್ತು ೧೯೨೯ರ ಕಾನೂನುಗಳಿಂದ ಬಿಡುಗಡೆ ಪಡೆದ ಸ್ತ್ರೀಯರ ಪಾಲಿಗೆ ಸುಧಾರಣೆಯು ಗೆದ್ದಿತು. ಅಬ್ದುರ್ ರಾಜಿಕ್ ಅವರ ಚಿಕ್ಕ ಪುಸ್ತಕವನ್ನು ದಂಡಿಸಿ ಒಂದು ಶತಮಾನವೇ ಕಳೆದರೂ ಇಂದಿಗೂ ಅದನ್ನು ಓದುತ್ತಾರೆ, ಅದರೊಡನೆ ವಾದಿಸುತ್ತಾರೆ. ಆದರೆ ವ್ಯಾಖ್ಯಾನಿಸುವ ಸ್ವಾತಂತ್ರ್ಯವು ಒಬ್ಬ ಲಾರ್ಡನ ಒಲವಿನಿಂದಲೋ ಒಬ್ಬ ಅಭಿಯೋಜಕನ ಔದಾರ್ಯದಿಂದಲೋ ದೊರೆತಾಗ ಅದು ಸ್ಥಿರವಾಗಿ ನಿಲ್ಲದು. ಸಂಸ್ಥೆಯ ನಿಯಮದಲ್ಲಿಯೇ ಅದಕ್ಕೆ ಸ್ಥಾನವಿರಬೇಕು.

ಪಾಠಪೀಠದಲ್ಲಿ ನಿಲ್ಲುವ ನಮ್ಮಂಥವರಿಗೆ ಈ ಕೊನೆಯ ಮಾತು ದೂರದ ದೇಶದ ಚರಿತ್ರೆಯಷ್ಟೇ ಅಲ್ಲ. ಅಂದು ಕೈರೋದ ವಿದ್ವಾಂಸರ ವಿಷಯದಲ್ಲಿ ಎದ್ದ ಪ್ರಶ್ನೆಗಳು — ಪದವಿಯನ್ನು ಕೊಡುವವರು ಯಾರು, ಅದನ್ನು ಕಸಿಯುವವರು ಯಾರು, ಪ್ರಬಂಧವನ್ನು ಪರೀಕ್ಷಿಸುವವರ ವರದಿಯು ವಿಚಾರದ ತಪ್ಪನ್ನು ತೋರಿಸುವುದೋ ವಿಚಾರಿಸಿದ್ದೇ ತಪ್ಪೆನ್ನುವುದೋ — ವಿದ್ಯಾಸಂಸ್ಥೆಗಳಿರುವೆಡೆಯಲ್ಲೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಮುಂದಿನ ಸಂಶೋಧಕರು ತುರ್ಕಿ, ಇರಾನ್, ಭಾರತಗಳ ಸುಧಾರಕರ ಚರಿತ್ರೆಯನ್ನೂ ಈ ದೃಷ್ಟಿಯಿಂದ ಪರಿಶೀಲಿಸಿದರೆ ವಿಷಯವು ಇನ್ನಷ್ಟು ಸ್ಪಷ್ಟವಾದೀತೆಂದು ನಾವು ನಂಬಿದ್ದೇವೆ.